ಗೂಬೆ ಚಿತ್ರದ ಗಣಿತ ಪೆಟ್ಟಿಗೆ: ಬಿಲ್ಲೆಗಳಿಗೆ ಫುಲ್ ಮಾರ್ಕ್ಸ್, ಪುಸ್ತಕ ಜಸ್ಟ್ ಪಾಸ್

ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳಿಗೆ ಅವಿಭಾಜ್ಯ ಸಂಖ್ಯೆ (ಪ್ರೈಮ್ ನಂಬರ್) ಕಲಿಸುವ ಈ ಪೆಟ್ಟಿಗೆ ಕೊಳ್ಳಬಹುದಾ ಅಂತ ಕೆಲವರು ಕೇಳಿದ್ದರು. ಅಲ್ಲಿ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಇಲ್ಲಿ ಒಂದೇ ಸಲ ಬರೆಯುತ್ತಿದ್ದೇನೆ. ಚಿಕ್ಕ ಉತ್ತರ ಬೇಕಾದವರಿಗೆ: ಕೊಳ್ಳಿ, ಆದರೆ ಒಳಗಿರುವ ಪುಸ್ತಕ ನಂಬಿಕೊಂಡು ಕೊಳ್ಳಬೇಡಿ. ಬೋರ್ಡು ಮತ್ತು ಬಿಲ್ಲೆ ಇಷ್ಟಕ್ಕೇ ಕೊಟ್ಟ ದುಡ್ಡು ವಸೂಲಾಗುತ್ತದೆ. ಪುಸ್ತಕ ಬರೆದವರು ಬೋರ್ಡನ್ನು ಒಂದು ಸಲವೂ ಮುಟ್ಟಿ ನೋಡಿಲ್ಲ ಅಂತ ನನ್ನ ಗುಮಾನಿ.

ಕಂಪನಿ ಹೆಸರು, ಅಂಗಡಿ ಹೆಸರು ಎರಡೂ ಹಾಕುವುದಿಲ್ಲ. ಅಪ್ಪಾ ಬಲವಂತ ಚೌಕದಲ್ಲಿ ಶಾಲೆ ಪುಸ್ತಕ ಮಾರುವ ಸಾಲು ಅಂಗಡಿಗಳಿವೆಯಲ್ಲ, ಅಲ್ಲೇ ಒಂದರಲ್ಲಿ ತಗೊಂಡಿದ್ದು. ಹಳದಿ ಪೆಟ್ಟಿಗೆ, ಮೇಲೆ ಕನ್ನಡಕ ಹಾಕಿದ ಗೂಬೆ. ಮುದ್ರಿತ ಬೆಲೆ 850 ರೂಪಾಯಿ, ಆ ಚೌಕದ ರೂಢಿಯಂತೆ ಕೇಳದೇನೇ ಶೇಕಡಾ ಹತ್ತು ಬಿಟ್ಟರು. ಇದೇ ತರಹದ ಪೆಟ್ಟಿಗೆ ಬೇರೆ ಬೇರೆ ಚಿತ್ರದಲ್ಲಿ ಪಕ್ಕದ ಅಂಗಡಿಗಳಲ್ಲೂ ನೇತಾಡುತ್ತಿತ್ತು. ಅದಕ್ಕೇ ಹೇಳುವುದು, ಹೆಸರಿಗಿಂತ ಒಳಗೇನಿದೆ ನೋಡಿ.

ಒಳಗಿರುವುದು ಇಷ್ಟು. 1ರಿಂದ 100ರವರೆಗೆ ಚೌಕಗಳಿರುವ ದಪ್ಪ ಬೋರ್ಡು. ಐದು ಬಣ್ಣದ ಪಾರದರ್ಶಕ ಬಿಲ್ಲೆಗಳು, ಬಣ್ಣಕ್ಕೆ 50ರಂತೆ 250. ಆಟದ ಕಾರ್ಡುಗಳು. ಬಿಲ್ಲೆ ಮೇಲೆ ಬರೆದು ಒರೆಸುವ ಪೆನ್ನು. ಆಮೇಲೆ 64 ಪುಟದ ಪುಸ್ತಕ. ಸೂಚನೆಗಳು ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿವೆ, ಕನ್ನಡದಲ್ಲಿ ಇಲ್ಲ. ಪುಣೆಯಲ್ಲಿ ಮಾರುವ ಸಾಮಾನಿನಲ್ಲಿ ಅದನ್ನು ನಿರೀಕ್ಷಿಸುವುದೂ ತಪ್ಪು ಬಿಡಿ. ಮಗಳು ಆರನೇ ಕ್ಲಾಸು, ಶಾಲೆಯಲ್ಲಿ ಇಂಗ್ಲಿಷ್, ಆಟದ ಮೈದಾನದಲ್ಲಿ ಮರಾಠಿ, ಮಗ್ಗಿ ಮಾತ್ರ ಧಾರವಾಡದ ಅಜ್ಜಿ ಫೋನಿನಲ್ಲಿ ಕನ್ನಡದಲ್ಲೇ ಒಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ನಮಗೆ ತೊಂದರೆ ಆಗಲಿಲ್ಲ.

ಈಗ ಒಳ್ಳೆಯ ಭಾಗ. ಕೆಂಪು ಬಿಲ್ಲೆ ಅಂದರೆ 2, ನೀಲಿ ಅಂದರೆ 3, ಹಸಿರು 5, ಹಳದಿ 7. ಬಿಳಿ ಬಿಲ್ಲೆ ಖಾಲಿ, ಅದರ ಮೇಲೆ 11, 13, 17 ಹೀಗೆ ನಾವೇ ಬರೆದುಕೊಳ್ಳಬೇಕು. ಇವೆಲ್ಲ ಅವಿಭಾಜ್ಯ ಸಂಖ್ಯೆಗಳು, ಅಂದರೆ 1ಕ್ಕಿಂತ ದೊಡ್ಡದಾಗಿದ್ದು 1ರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವವು. ಪ್ರತಿ ಸಂಖ್ಯೆಯ ಮೇಲೂ, ಗುಣಿಸಿದರೆ ಅದೇ ಬರುವ ಹಾಗೆ, ಅವಿಭಾಜ್ಯ ಸಂಖ್ಯೆಗಳ ಬಿಲ್ಲೆ ಪೇರಿಸುವುದು ಆಟ. 12ರ ಮೇಲೆ ಎರಡು ಕೆಂಪು, ಒಂದು ನೀಲಿ. 35ರ ಮೇಲೆ ಒಂದು ಹಸಿರು, ಒಂದು ಹಳದಿ. ಬಿಲ್ಲೆ ಪಾರದರ್ಶಕ ಆದ್ದರಿಂದ ಕೆಳಗಿನ ಸಂಖ್ಯೆ ಕಾಣುತ್ತದೆ. 64ರ ಮೇಲೆ ಆರು ಕೆಂಪು, 96ರ ಮೇಲೆ ಐದು ಕೆಂಪು ಒಂದು ನೀಲಿ. ಇಡೀ ಬೋರ್ಡಿನಲ್ಲಿ ಇವೆರಡೇ ಎತ್ತರದ ಗೋಪುರಗಳು, ಫ್ಯಾನ್ ಹಾಕಿದರೆ ಮೊದಲು ಬೀಳುವುದೂ ಇವೇ.

ಇದು ನೋಡಲು ಚಂದ ಅಂತ ಮಾತ್ರ ಹೇಳುತ್ತಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಅರ್ಧ ವಿಷಯ ಇಲ್ಲಿ ಕಣ್ಣಿಗೇ ಬೀಳುತ್ತದೆ. ಒಂದೇ ಬಿಲ್ಲೆ ಇದ್ದರೆ ಅವಿಭಾಜ್ಯ. ಎರಡು ಅಥವಾ ಜಾಸ್ತಿ ಇದ್ದರೆ ಸಂಯುಕ್ತ. 1ರ ಮೇಲೆ ಏನೂ ಇಲ್ಲ, ಬೋಳು. ಅದು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. 1 ಯಾಕೆ ಅವಿಭಾಜ್ಯ ಅಲ್ಲ ಅಂತ ಮಕ್ಕಳು ಕೇಳುವ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ನಾನು ಎಲ್ಲೂ ನೋಡಿಲ್ಲ. 1ಕ್ಕೂ ಒಂದು ಬಿಲ್ಲೆ ಇದ್ದಿದ್ದರೆ 12ರ ಮೇಲೆ ಅದನ್ನು ಎಷ್ಟು ಬೇಕಾದರೂ ಪೇರಿಸಬಹುದಿತ್ತು, ಆಗ ಪ್ರತಿ ಸಂಖ್ಯೆಗೂ ಒಂದೇ ಗೋಪುರ ಅನ್ನುವ ಮಾತೇ ಉಳಿಯುತ್ತಿರಲಿಲ್ಲ.

ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಎಚ್‌ಸಿಎಫ್), ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಎಲ್‌ಸಿಎಂ) ಎರಡೂ ಹೀಗೇ. 12 ಮತ್ತು 18 ಪಕ್ಕಪಕ್ಕ ಇಟ್ಟು ನೋಡಿ. 12ರಲ್ಲಿ ಕೆಂಪು ಕೆಂಪು ನೀಲಿ. 18ರಲ್ಲಿ ಕೆಂಪು ನೀಲಿ ನೀಲಿ. ಇಬ್ಬರಲ್ಲೂ ಇರುವುದು ಒಂದು ಕೆಂಪು, ಒಂದು ನೀಲಿ, ಅಂದರೆ 6, ಅದು ಮ.ಸಾ.ಅ. ಇಬ್ಬರನ್ನೂ ಕಟ್ಟಲು ಕನಿಷ್ಠ ಬೇಕಾದ್ದು ಎರಡು ಕೆಂಪು ಎರಡು ನೀಲಿ, ಅಂದರೆ 36, ಅದು ಲ.ಸಾ.ಅ. ಏಣಿ ಹಾಕಿ ಭಾಗಿಸುವ ವಿಧಾನ ಕಲಿಯಬೇಡಿ ಅನ್ನುತ್ತಿಲ್ಲ, ಪರೀಕ್ಷೆಗೆ ಅದು ಬೇಕು. ಆದರೆ ಎರಡರಲ್ಲಿ ಯಾವುದು ಯಾವುದು ಅಂತ ಗಲಿಬಿಲಿ ಆಗುವ ಮಕ್ಕಳಿಗೆ ಇದನ್ನು ಒಂದು ಸಲ ತೋರಿಸಿದರೆ ಸಾಕು.

ಒಂದು ಸಂಖ್ಯೆಗೆ ಎಷ್ಟು ಅಪವರ್ತನಗಳಿವೆ, ಅಂದರೆ ಎಷ್ಟು ಸಂಖ್ಯೆಗಳು ಅದನ್ನು ನಿಶ್ಶೇಷವಾಗಿ ಭಾಗಿಸುತ್ತವೆ ಅನ್ನುವುದನ್ನೂ ಗೋಪುರವೇ ಹೇಳುತ್ತದೆ. 72 ತಗೊಳ್ಳಿ. ಮೂರು ಕೆಂಪು, ಎರಡು ನೀಲಿ. ಅದರ ಯಾವ ಅಪವರ್ತನ ಬೇಕಾದರೂ ಇದೇ ಬಿಲ್ಲೆಗಳಿಂದ ಆಗಬೇಕು. ಕೆಂಪನ್ನು ಸೊನ್ನೆಯಿಂದ ಮೂರರವರೆಗೆ ಎಷ್ಟಾದರೂ ತೆಗೆಯಬಹುದು, ನಾಲ್ಕು ದಾರಿ. ನೀಲಿಯನ್ನು ಸೊನ್ನೆಯಿಂದ ಎರಡರವರೆಗೆ, ಮೂರು ದಾರಿ. ನಾಲ್ಕು ಮೂರಲಿ 12. ನೂರರೊಳಗೆ ಇದಕ್ಕಿಂತ ಜಾಸ್ತಿ ಯಾರಿಗೂ ಇಲ್ಲ. 60, 72, 84, 90, 96, ಈ ಐದಕ್ಕೂ ತಲಾ 12. ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ. 72ರ ಅಪವರ್ತನಗಳನ್ನು ಪಟ್ಟಿ ಮಾಡಿ, ಸಾಲಾಗಿ ಬರೆಯಿರಿ, ಮುಂದಿನ ಲೆಕ್ಕ. ಅಷ್ಟೇ.

ಈಗ ಬಿಲ್ಲೆಗಳ ದೂರು. ಬಣ್ಣಕ್ಕೆ 50 ಅಂತ ಸಮನಾಗಿ ಹಂಚಿದ್ದಾರೆ. ಯಾರೋ ಪ್ಯಾಕಿಂಗ್ ಸುಲಭ ಆಗಲಿ ಅಂತ ಮಾಡಿದ ಕೆಲಸ. ನೂರೂ ಚೌಕ ತುಂಬಿಸಲು ಕೂತರೆ ಕೆಂಪು ಅರ್ಧದಲ್ಲೇ ಮುಗಿಯುತ್ತದೆ. ಲೆಕ್ಕ ನೋಡಿ. ನೂರರೊಳಗೆ 2ರಿಂದ ಭಾಗವಾಗುವವು 50, ಅವಕ್ಕೆ ಒಂದೊಂದು ಕೆಂಪು. 4ರಿಂದ ಭಾಗವಾಗುವ 25ಕ್ಕೆ ಎರಡನೆಯದು. 8ರ 12, 16ರ 6, 32ರ 3, 64ರ 1. ಕೂಡಿದರೆ 97. ಹೀಗೇ ನೀಲಿ 48 ಬೇಕು, ಹಸಿರು 24, ಹಳದಿ 16, ಬಿಳಿ 54. ಒಟ್ಟು 239. ಕಂಪನಿ ಕೊಟ್ಟಿರುವುದು 250! ಒಟ್ಟಿನಲ್ಲಿ ಹನ್ನೊಂದು ಉಳಿಯಬೇಕಿತ್ತು. ಹಂಚಿದ ರೀತಿಯಿಂದ ಕೆಂಪು 47 ಕಡಿಮೆ, ಬಿಳಿ 4 ಕಡಿಮೆ, ಹಳದಿ 34 ಸುಮ್ನೆ ಡಬ್ಬಿಯಲ್ಲಿ ಬಿದ್ದಿವೆ. ಅವಿಭಾಜ್ಯ ಸಂಖ್ಯೆಗಳ ಪೆಟ್ಟಿಗೆ ಮಾಡುವವರು ಈ ಲೆಕ್ಕ ಒಂದು ಸಲ ಮಾಡಬಾರದಿತ್ತಾ?

ಅಂಗಡಿಯಲ್ಲಿ ಕೇಳಿದೆ, ಬಿಡಿ ಬಿಲ್ಲೆ ಸಿಗುತ್ತದಾ ಅಂತ. ಕಂಪನಿ ಬಿಡಿಯಾಗಿ ಕೊಡುವುದಿಲ್ಲ, ಇನ್ನೊಂದು ಪೆಟ್ಟಿಗೆ ತಗೊಳ್ಳಿ ಅಂದರು. ಇನ್ನೊಂದು ಪೆಟ್ಟಿಗೆ! ಅಲ್ಲಿಂದ ನಡೆದುಕೊಂಡು ತುಳಶಿಬಾಗಿಗೆ ಹೋಗಿ ಕೆಂಪು ಗುಂಡಿಗಳ ಒಂದು ಪ್ಯಾಕೆಟ್ ತಂದೆ. ಅಂಗಿ ಗುಂಡಿ, ದೊಡ್ಡ ಸೈಜಿನದು. ಪಾರದರ್ಶಕ ಅಲ್ಲ, ಆದರೂ ನಡೆಯುತ್ತದೆ. ನೀವೂ ಬಿಲ್ಲೆ ಹುಡುಕಿಕೊಂಡು ಅಲೆಯುವ ಬದಲು ನೇರ ಅಲ್ಲಿಗೇ ಹೋಗಿ.

ಅಂದಹಾಗೆ ಆ 24 ಹಸಿರು ಬಿಲ್ಲೆಯಲ್ಲಿ ಒಂದು ಮಜಾ ಇದೆ. 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳನ್ನು ಗುಣಿಸಿದರೆ ಬರುವ ಭಾರೀ ಸಂಖ್ಯೆಯ ಕೊನೆಯಲ್ಲಿ ಎಷ್ಟು ಸೊನ್ನೆ? ಒಂದು ಕೆಂಪು ಒಂದು ಹಸಿರು ಸೇರಿದರೆ ಒಂದು ಸೊನ್ನೆ. ಕೆಂಪು ಬೇಕಾದಷ್ಟಿದೆ, ಹಸಿರು 24 ಮಾತ್ರ. ಹಾಗಾಗಿ 24 ಸೊನ್ನೆ. ದೊಡ್ಡ ಪರೀಕ್ಷೆಗಳಲ್ಲಿ ಕೇಳುವ ಈ ಲೆಕ್ಕವನ್ನು ಆರನೇ ಕ್ಲಾಸಿನ ಹುಡುಗಿ ಬಿಲ್ಲೆ ಎಣಿಸಿ ಹೇಳಿದಳು.

ಕಾರ್ಡಿನ ಆಟವೂ ಚೆನ್ನಾಗಿದೆ. 1ರಿಂದ 30ರವರೆಗಿನ ಸಂಖ್ಯೆಗಳನ್ನು ಹರಡಿ. ನಾನು ಒಂದು ಸಂಖ್ಯೆ ಎತ್ತಿದರೆ ಅಷ್ಟು ಅಂಕ ನನಗೆ. ಅದರ ಅಪವರ್ತನಗಳಲ್ಲಿ ಮೇಜಿನ ಮೇಲೆ ಉಳಿದವೆಲ್ಲ ಎದುರಾಳಿಗೆ. ಆಮೇಲೆ ಅವರ ಸರದಿ. ಅಪವರ್ತನ ಒಂದೂ ಉಳಿದಿರದ ಸಂಖ್ಯೆ ಎತ್ತುವಂತಿಲ್ಲ. ಮಕ್ಕಳು ಮೊದಲು ಆಸೆಬಿದ್ದು 30 ಅಥವಾ 24 ಎತ್ತುತ್ತಾರೆ. 24 ಎತ್ತಿದರೆ ಎದುರಾಳಿಗೆ 1, 2, 3, 4, 6, 8, 12, ಒಟ್ಟು 36. ಕೊಟ್ಟಿದ್ದೇ ಜಾಸ್ತಿ ಆಯಿತು ಅಲ್ವಾ! 28 ಎತ್ತಿದರೆ ಇಬ್ಬರಿಗೂ ಸಮ, ಯಾಕೆಂದರೆ 1, 2, 4, 7, 14 ಕೂಡಿದರೂ 28. ಮೊದಲ ಸರದಿಗೆ ಒಳ್ಳೆಯದು 29, ಎದುರಾಳಿಗೆ ಸಿಗುವುದು ಬರೀ 1. ಆ 1 ಹೋದ ಮೇಲೆ ಉಳಿದ ಅವಿಭಾಜ್ಯ ಸಂಖ್ಯೆಗಳನ್ನು ಯಾರೂ ಎತ್ತುವಂತಿಲ್ಲ, ಆಗ 25 ಒಳ್ಳೆಯ ಮಾಲು. ನಮ್ಮ ಸೊಸೈಟಿಯ ಮಕ್ಕಳು ಇದನ್ನು ಎಷ್ಟು ಬೇಗ ಕಂಡುಕೊಂಡರೆಂದರೆ ಈಗ ಮೊದಲ ಸರದಿ ಯಾರದು ಅಂತ ಟಾಸ್ ಹಾಕದೆ ಆಟ ಶುರುವಾಗುವುದಿಲ್ಲ. ಮಳೆಗಾಲದ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಆಟ.

ಇನ್ನು ಪುಸ್ತಕಕ್ಕೆ ಬರೋಣ.

ಉತ್ತರಗಳ ಪುಟದಲ್ಲಿ 91 ಅವಿಭಾಜ್ಯ ಅಂತ ಹಾಕಿದ್ದಾರೆ. ಏಳು ಹದಿಮೂರಲಿ 91 ಅಂತ ಮಗ್ಗಿ ಕಲಿತವರಿಗೆಲ್ಲ ಗೊತ್ತು. ಅಚ್ಚಿನ ತಪ್ಪು ಅಂತ ಬಿಡಬಹುದಿತ್ತು. ಆದರೆ ಅದೇ ಪುಸ್ತಕ 7ರ ಭಾಜ್ಯತೆಯ ನಿಯಮಕ್ಕೆ ಎರಡು ಪುಟ ಕೊಟ್ಟಿದೆ! ಕೊನೆಯ ಅಂಕಿಯನ್ನು ಎರಡರಿಂದ ಗುಣಿಸಿ, ಉಳಿದದ್ದರಿಂದ ಕಳೆಯಿರಿ, ಬಂದದ್ದು 7ರಿಂದ ಹೋದರೆ ಮೂಲ ಸಂಖ್ಯೆಯೂ ಹೋಗುತ್ತದೆ ಅನ್ನುವ ನಿಯಮ. 91ಕ್ಕೆ ಹಾಕಿದರೆ 9ರಲ್ಲಿ 2 ಹೋಗಿ 7, ಮುಗಿಯಿತು. ತಮ್ಮ ನಿಯಮವನ್ನು ತಾವೇ ಹಾಕಿ ನೋಡಿಲ್ಲ. ಅದಕ್ಕಿಂತ ಮುಖ್ಯವಾಗಿ, ನೂರರೊಳಗೆ ಆ ನಿಯಮವೇ ಬೇಡ. 2, 3, 5ರಿಂದ ಹೋಗುವವನ್ನು ತೆಗೆದ ಮೇಲೆ ಅವಿಭಾಜ್ಯದ ವೇಷ ಹಾಕಿಕೊಂಡು ಉಳಿಯುವವು ಮೂರೇ: 49, 77, 91. 51, 57, 87 ಇವೆಲ್ಲ ಅನುಮಾನ ಹುಟ್ಟಿಸುತ್ತವೆ ನಿಜ, ಆದರೆ ಅಂಕಿ ಕೂಡಿದರೆ 3ರ ಬಲೆಗೆ ಬೀಳುತ್ತವೆ. ಮೂರು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು ಅಂತ ಒಂದು ಸಾಲಿನಲ್ಲಿ ಹೇಳುವುದನ್ನು ಬಿಟ್ಟು ಎರಡು ಪುಟ ನಿಯಮ.

ವ್ಯಾಖ್ಯೆಯೂ ಸಡಿಲ. 1ರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆ ಅವಿಭಾಜ್ಯ ಅಂತ ಬರೆದಿದ್ದಾರೆ. ಹಾಗಾದರೆ 1 ಕೂಡ ಒಳಗೆ ಬಂತಲ್ಲ? ಸರಿಯಾಗಿ ಎರಡೇ ಅಪವರ್ತನ ಇರುವ ಸಂಖ್ಯೆ ಅಂದರೆ ಈ ರಗಳೆಯೇ ಇರುವುದಿಲ್ಲ.

ಆದರೆ ನನ್ನ ದೊಡ್ಡ ತಕರಾರು ಬೇರೆ. ಪುಸ್ತಕದಲ್ಲಿ ಎರಾಟೋಸ್ತನೀಸನ ಜರಡಿ ಇದೆ, ಕ್ರಿಸ್ತಪೂರ್ವ ಮೂರನೇ ಶತಮಾನದ ಗ್ರೀಕ್ ಪಂಡಿತ, ಅಲೆಕ್ಸಾಂಡ್ರಿಯದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು. 2ನ್ನು ಬಿಟ್ಟು ಅದರ ಅಪವರ್ತ್ಯಗಳನ್ನೆಲ್ಲ (4, 6, 8 ಹೀಗೆ) ಹೊಡೆದುಹಾಕು, ಆಮೇಲೆ 3ರದ್ದು, 5ರದ್ದು, 7ರದ್ದು. 1ನ್ನು ಬಿಟ್ಟರೆ ಉಳಿದ 25 ಸಂಖ್ಯೆ ಅವಿಭಾಜ್ಯ. ಇಲ್ಲಿಗೆ ನಿಲ್ಲಿಸಬೇಕಲ್ಲ? ಈ ಪುಸ್ತಕ ನಿಲ್ಲಿಸುವುದಿಲ್ಲ. 11ರದ್ದು ಹೊಡಿ, 13ರದ್ದು ಹೊಡಿ, ಹೀಗೇ 47ರವರೆಗೆ ಎಳೆದುಕೊಂಡು ಹೋಗುತ್ತದೆ. ಮಗಳು 11ಕ್ಕೆ ಬರುವಷ್ಟರಲ್ಲಿ ಕೇಳಿದಳು, 22 ಆಗಲೇ ಹೋಗಿದೆ, 33 ಹೋಗಿದೆ, 77 ಕೂಡ ಹೋಗಿದೆ, ಹೊಡೆಯಲು ಏನೂ ಇಲ್ಲವಲ್ಲ ಅಂತ. ಆ ಪ್ರಶ್ನೆಯೇ ಇಡೀ ಪಾಠ. ಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲ.

ಉತ್ತರ ಕಷ್ಟದ್ದೇನಲ್ಲ. ಅಪವರ್ತನಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. 36ಕ್ಕೆ 1 ಮತ್ತು 36, 2 ಮತ್ತು 18, 3 ಮತ್ತು 12, 4 ಮತ್ತು 9, ಕೊನೆಗೆ 6 ಮತ್ತು 6. ಅಲ್ಲಿಂದ ಮುಂದೆ ಅದೇ ಜೋಡಿ ತಿರುಗಿ ಬರುತ್ತದೆ. ಜೋಡಿಯಲ್ಲಿ ಒಂದಾದರೂ ವರ್ಗಮೂಲದ ಒಳಗೇ ಇರಬೇಕು. 11ಕ್ಕೆ ಅಂತಲೇ ಹೊಸದಾಗಿ ಬೀಳುವ ಮೊದಲ ಸಂಖ್ಯೆ 11 ಹನ್ನೊಂದಲಿ 121, ಅದು ಬೋರ್ಡಿನ ಆಚೆ. ಹಾಗಾಗಿ ನೂರರೊಳಗಿನ ಯಾವ ಸಂಖ್ಯೆಗೂ 2, 3, 5, 7 ಈ ನಾಲ್ಕು ಪರೀಕ್ಷೆ ಸಾಕು. 97 ಇವುಗಳಲ್ಲಿ ಯಾವುದರಿಂದಲೂ ಹೋಗುವುದಿಲ್ಲ, ಅವಿಭಾಜ್ಯ, ಮುಂದೆ ನೋಡುವುದೇ ಬೇಡ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿಲ್ಲದ ಮಗುವಿಗೆ ಅವಿಭಾಜ್ಯ ಪರೀಕ್ಷೆ ಅಂದರೆ ಮುಗಿಯದ ಭಾಗಾಕಾರ. ಮಕ್ಕಳು ಬೇಸತ್ತು ಕೊನೆಗೆ ಊಹೆ ಹೊಡೆಯುವುದು ಇದಕ್ಕೇ. 850 ರೂಪಾಯಿಯ ಪೆಟ್ಟಿಗೆ ಹೇಳಿಕೊಡಬೇಕಾಗಿದ್ದ ಒಂದೇ ಒಂದು ವಿಷಯ ಇದ್ದರೆ ಅದು ಇದು.

ಬೋರ್ಡು ನೂರಕ್ಕೆ ನಿಲ್ಲುತ್ತದೆ, ಅದರಿಂದಾಚೆ ಅಭ್ಯಾಸಕ್ಕೆ ಪುಸ್ತಕದಲ್ಲಿ ಏನೂ ಇಲ್ಲ. ನಾವು ಪುಣೆಯ ಪಿನ್ ಕೋಡುಗಳನ್ನೇ ಹಿಡಿದುಕೊಂಡೆವು. ಡೆಕ್ಕನ್ ಜಿಮ್ಖಾನಾದ 411004 ತಗೊಳ್ಳಿ. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆದರೆ 4−1+1−0+0−4, ಅಂದರೆ ಸೊನ್ನೆ, ಹಾಗಾಗಿ 11ರಿಂದ ನಿಶ್ಶೇಷವಾಗಿ ಹೋಗುತ್ತದೆ. ಪೂರ್ತಿ ಒಡೆದರೆ 2×2×11×9341. ಸದಾಶಿವ ಪೇಟೆಯ 411030 ಇನ್ನೂ ಚಂದ. ಅಂಕಿ ಕೂಡಿದರೆ 9, ಕೊನೆಗೆ ಸೊನ್ನೆ. 2, 3, 3, 5 ತೆಗೆದರೆ ಉಳಿಯುವುದು 4567. ನಾಲ್ಕು ಐದು ಆರು ಏಳು, ಸಾಲಾಗಿ! ಇದು ಅವಿಭಾಜ್ಯವೇ ಅಂತ ನೋಡಲು ಎಲ್ಲಿಯವರೆಗೆ ಹೋಗಬೇಕು? 67ರ ವರ್ಗ 4489, 71ರ ವರ್ಗ 5041. ಅಂದರೆ 67ಕ್ಕೆ ನಿಲ್ಲಿಸಬಹುದು. 2ರಿಂದ 67ರವರೆಗೆ ಅವಿಭಾಜ್ಯಗಳು 19, ಅಷ್ಟೇ ಭಾಗಾಕಾರ, ಯಾವುದರಿಂದಲೂ ಹೋಗುವುದಿಲ್ಲ. 2ರಿಂದ 4566ರವರೆಗೆ 4565 ಸಲ ಭಾಗಿಸುವ ಕಡೆ 19 ಸಲ. ನಿಮ್ಮ ನಿಮ್ಮ ಏರಿಯಾದ ಕೋಡು ಹಾಕಿ ನೋಡಿ, ಮಕ್ಕಳು ಬಿಡುವುದಿಲ್ಲ.

ಕೊನೆಯಲ್ಲಿ ಗಣಿತಜ್ಞರ ಒಂದು ಪುಟ ಇದೆ, ಎಲ್ಲರೂ ಯುರೋಪಿನವರು. ಪುಣೆಯಲ್ಲಿ ಮಾರುವ ಪೆಟ್ಟಿಗೆಯಲ್ಲಿ ಕಾಪ್ರೇಕರ್ ಇಲ್ಲ ಅಂದರೆ ಏನು ಹೇಳುವುದು. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಇಲ್ಲೇ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಶಿಕ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರಾಗಿದ್ದವರು. ಅವರ 6174 ಗೊತ್ತಲ್ಲ? ಎಲ್ಲ ಅಂಕಿಯೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿ ಸಂಖ್ಯೆ ತಗೊಂಡು, ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತ ಹೋದರೆ ಏಳು ಹೆಜ್ಜೆಯೊಳಗೆ 6174 ಬರುತ್ತದೆ. ಅದನ್ನು ಬಿಲ್ಲೆಯಲ್ಲಿ ಕಟ್ಟಿ ನೋಡಿ: ಒಂದು ಕೆಂಪು, ಎರಡು ನೀಲಿ, ಮೂರು ಹಳದಿ. 2×3×3×7×7×7. ಉಳಿದ ಹಳದಿಗೆ ಒಂದು ಉಪಯೋಗವಾದರೂ ಸಿಕ್ಕಿತು.

ಅದೇ ಪುಟದಲ್ಲಿ, ದೊಡ್ಡ ಸಂಖ್ಯೆ ಅವಿಭಾಜ್ಯವೇ ಅಂತ ಬೇಗ ತಿಳಿಯುವ ಖಚಿತ ದಾರಿ ಕಂಪ್ಯೂಟರಿಗೂ ಇಲ್ಲ ಅಂತ ಬರೆದಿದ್ದಾರೆ. ಇದು ತಪ್ಪು. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅಂಥದ್ದೇ ದಾರಿ ತೋರಿಸಿದರು, ಮೂವರ ಅಡ್ಡಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಸೇರಿಸಿ ಅದಕ್ಕೆ ಎಕೆಎಸ್ ಅನ್ನುತ್ತಾರೆ. ಕಷ್ಟ ಇರುವುದು ಅವಿಭಾಜ್ಯ ಹೌದೋ ಅಲ್ಲವೋ ಹೇಳುವುದರಲ್ಲಿ ಅಲ್ಲ, ಅಲ್ಲ ಅಂತ ಗೊತ್ತಾದ ಮೇಲೆ ಅದರ ಅಪವರ್ತನಗಳನ್ನು ಹುಡುಕುವುದರಲ್ಲಿ. ಎರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ಅತಿ ದೊಡ್ಡ ಅವಿಭಾಜ್ಯ ಅಂತ ಕೊಟ್ಟಿರುವುದೂ 2018ರದ್ದು, ಅಕ್ಟೋಬರ್ 2024ರಲ್ಲಿ 4,10,24,320 ಅಂಕಿಗಳ ಹೊಸದು ಸಿಕ್ಕಿದೆ. ಅದನ್ನು ಮಾತ್ರ ಮಾಫಿ ಮಾಡಬಹುದು, ಮುದ್ರಣ ಹಳೆಯದಿರಬೇಕು.

ಉಳಿದದ್ದು ಚಿಕ್ಕಪುಟ್ಟ. ಕ್ಯೂಆರ್ ಕೋಡಿನ ವಿಡಿಯೋಗಳು ಪುಸ್ತಕವನ್ನೇ ಗಟ್ಟಿಯಾಗಿ ಓದಿದ ಹಾಗಿವೆ, ನೋಡದಿದ್ದರೂ ನಷ್ಟವಿಲ್ಲ. ಬೋರ್ಡು ಗಟ್ಟಿ, ಚಹಾ ಚೆಲ್ಲಿದರೂ ಏನೂ ಆಗಲಿಲ್ಲ. ಪೆನ್ನು ಬೇಗ ಒಣಗುತ್ತದೆ, ಬಿಳಿ ಹಲಗೆಗೆ ಬಳಸುವ ಯಾವ ಪೆನ್ನಾದರೂ ಸಾಕು.

ಒಟ್ಟು ಐದಕ್ಕೆ ಮೂರೂವರೆ ಕೊಡುತ್ತೇನೆ, ಬೋರ್ಡು ಒಂದೇ ಆಗಿದ್ದರೆ ನಾಲ್ಕೂವರೆ. ಹೋಗುವುದಾದರೆ ಜೂನ್‌ನಲ್ಲಿ ಶಾಲೆ ಶುರುವಾಗುವ ವಾರ ಬಿಟ್ಟು ಹೋಗಿ, ಆಗ ಅಪ್ಪಾ ಬಲವಂತ ಚೌಕದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಗಾಡಿ ನಿಲ್ಲಿಸುವ ಮಾತಂತೂ ದೂರ. ಸೀಲ್ ಒಡೆದು ತೋರಿಸುವುದಿಲ್ಲ ಅನ್ನುತ್ತಾರೆ, ಆದರೆ ದುಡ್ಡು ಕೊಟ್ಟ ಮೇಲೆ ಅಲ್ಲೇ ಕೌಂಟರಿನಲ್ಲಿ ತೆರೆದು ಬಿಲ್ಲೆ ಡಬ್ಬಿ ಎಣಿಸಿಕೊಳ್ಳಿ. ನಮ್ಮ ಪಕ್ಕದ ಮನೆಯವರ ಪೆಟ್ಟಿಗೆಯಲ್ಲಿ ನೀಲಿ ಬಿಲ್ಲೆಯೇ ಇರಲಿಲ್ಲ, ಹಸಿರು ಎರಡು ಡಬ್ಬಿ ಬಂದಿತ್ತು, ಬಿಲ್ ತೋರಿಸಿದ್ದಕ್ಕೆ ಬದಲಾಯಿಸಿ ಕೊಟ್ಟರು.